ಹತ್ತು ಹಂದಿ ಹೊಡೆದು ಬಾ

ಹೋದ ತಿಂಗಳು ಒಂದು ಹೊಸ ಆನ್‌ಲೈನ್ ಗೇಮ್ ಹಾಕಿಕೊಂಡೆ. ಡೌನ್‌ಲೋಡ್ ಎಪ್ಪತ್ತು ಜಿಬಿ. ಹುಲ್ಲಿನ ಎಸಳ ಮೇಲಿನ ಇಬ್ಬನಿಯೂ ಕಾಣುವಂಥ ಗ್ರಾಫಿಕ್ಸ್. ನನ್ನ ಪಾತ್ರದ ಮೂಗು, ಹುಬ್ಬು, ಗಡ್ಡ ತಿದ್ದಿ ತೀಡೋದರಲ್ಲೇ ಅರ್ಧ ಗಂಟೆ ಹೋಯ್ತು. ಆಮೇಲೆ ಆಟ ಶುರು. ಒಂದು ಹಳ್ಳಿ, ಹಳ್ಳಿಯ ಗೌಡ, ಗೌಡನ ತಲೆ ಮೇಲೆ ಹಳದಿ ಬಣ್ಣದ ಆಶ್ಚರ್ಯಸೂಚಕ ಚಿಹ್ನೆ. ಮಾತಾಡಿಸಿದರೆ ಅಂದ: ಕಾಡುಹಂದಿ ಕಾಟ ಜಾಸ್ತಿಯಾಗಿದೆ, ಹತ್ತು ಹಂದಿ ಹೊಡೆದು ಬಾ.

ಅಲ್ರೀ, ಇದೇ ಹಂದೀನ ನಾನು 2006ರಲ್ಲೂ ಹೊಡೆದಿದ್ದೆ!

(ನಮ್ಮ ಕೂಡ್ಲಿಗಿ ಕಡೆ ಶೇಂಗಾ ಹೊಲಕ್ಕೆ ಹಂದಿ ಅಷ್ಟೇ ಅಲ್ಲ, ಕರಡೀನೂ ಬರ್ತವೆ. ರಾತ್ರಿಯೆಲ್ಲ ಹೊಲ ಕಾಯೋರಿಗೆ ಯಾರೂ ಎಕ್ಸ್‌ಪೀರಿಯನ್ಸ್ ಪಾಯಿಂಟ್ ಕೊಡಲ್ಲ. ಅದು ಬೇರೆ ಮಾತು.)

ಎಂಎಂಓಆರ್‌ಪಿಜಿ ಅಂತ ಈ ಜಾತಿಯ ಆಟಗಳಿಗೆ ಬಾಯಿಗೆ ಬಾರದ ಹೆಸರು. ಸಾವಿರಾರು ಜನ ಒಂದೇ ಲೋಕದಲ್ಲಿ ಒಬ್ಬೊಬ್ಬರು ಒಂದೊಂದು ವೇಷ ಹಾಕಿಕೊಂಡು ಇರೋದು, ಅಷ್ಟೇ. ಯೋಧ, ಮಂತ್ರವಾದಿ, ಗಾಯ ವಾಸಿ ಮಾಡುವ ವೈದ್ಯ. ನೀವು ಲಾಗ್ ಔಟ್ ಆದರೂ ಆ ಲೋಕ ನಡೀತಾನೇ ಇರುತ್ತೆ. ಇದರ ಮೂಲಪುರುಷ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಮಡ್'. ರಾಯ್ ಟ್ರಬ್‌ಶಾ ಶುರು ಮಾಡಿದ, ರಿಚರ್ಡ್ ಬಾರ್ಟಲ್ ಬೆಳೆಸಿದ. ಚಿತ್ರ ಇಲ್ಲ, ಬರೀ ಅಕ್ಷರ. ಉತ್ತರಕ್ಕೆ ಹೋಗು ಅಂತ ಟೈಪ್ ಮಾಡಿದರೆ ಉತ್ತರದಲ್ಲಿ ಏನಿದೆ ಅಂತ ಓದಬೇಕು. ಆದರೆ ಅಲ್ಲಿ ನಿಮ್ಮ ಪಕ್ಕ ನಿಂತವನು ನಿಜವಾದ ಮನುಷ್ಯ. ಹೊಸದು ಅಂದರೆ ಅದೊಂದೇ ಆಗಿತ್ತು, ಅಷ್ಟೇ ಸಾಕಾಗಿತ್ತು.

ಅಲ್ಲಿಂದ ಇಪ್ಪತ್ತು ವರ್ಷ ನಡೆದದ್ದು ನಿಜವಾದ ಪ್ರಯೋಗ. 1997ರ ಸೆಪ್ಟೆಂಬರಿನಲ್ಲಿ 'ಅಲ್ಟಿಮಾ ಆನ್‌ಲೈನ್' ಬಂತು. ಅದನ್ನು ಮಾಡಿದವರ ಆಸೆ ನೋಡಿ: ಕುರಿ ಹುಲ್ಲು ತಿನ್ನಬೇಕು, ತೋಳ ಕುರಿ ತಿನ್ನಬೇಕು, ಕಾಡಲ್ಲಿ ಕುರಿ ಕಡಿಮೆಯಾದರೆ ತೋಳ ಊರಿಗೆ ಬರಬೇಕು. ಪೂರ್ತಿ ಆಹಾರ ಸರಪಳಿಯನ್ನೇ ಕೋಡ್ ಮಾಡಿದ್ದರು. ಗೇಟ್ ತೆಗೆದದ್ದೇ ತಡ, ಆಟಗಾರರು ನುಗ್ಗಿ ಕಣ್ಣಿಗೆ ಬಿದ್ದ ಪ್ರಾಣಿಯನ್ನೆಲ್ಲ ಕೊಂದುಹಾಕಿದರು. ಸರಪಳಿ ಸುತ್ತೋಕೆ ಪುರಸೊತ್ತೇ ಸಿಗಲಿಲ್ಲ, ಕೊನೆಗೆ ಆ ಕೋಡನ್ನೇ ಕಿತ್ತು ಹಾಕಬೇಕಾಯ್ತು. ಅದೇ ವರ್ಷ ಆಗಸ್ಟಿನಲ್ಲಿ, ಆಟ ಇನ್ನೂ ಪರೀಕ್ಷೆಯಲ್ಲಿದ್ದಾಗ, ಆ ಲೋಕದ ಮಹಾರಾಜ ದರ್ಶನ ಕೊಡೋಕೆ ಬಂದಿದ್ದ. ಮಹಾರಾಜನ ವೇಷದಲ್ಲಿದ್ದವನು ಆಟದ ಸೃಷ್ಟಿಕರ್ತ ರಿಚರ್ಡ್ ಗ್ಯಾರಿಯಟ್. ಅವನಿಗೆ ಸಾವೇ ಇಲ್ಲ ಅನ್ನೋ ಸೆಟ್ಟಿಂಗ್ ಅವತ್ತು ಆನ್ ಆಗಿರಲಿಲ್ಲ. ರೈನ್ಜ್ ಅನ್ನೋ ಹೆಸರಿನ ಆಟಗಾರನೊಬ್ಬ ಬೆಂಕಿಯ ಮಂತ್ರ ಹಾಕಿದ, ಮಹಾರಾಜ ಸತ್ತ. ಸ್ಕ್ರಿಪ್ಟಿನಲ್ಲಿ ಇಲ್ಲದ್ದು ನಡೆಯೋಕೆ ಜಾಗ ಇತ್ತು ಅಂತ ಹೇಳೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

1999ರ 'ಎವರ್‌ಕ್ವೆಸ್ಟ್'ನಲ್ಲಿ ಸತ್ತರೆ ನಿಮ್ಮ ಕತ್ತಿ, ಕವಚ, ಎಲ್ಲ ಹೆಣದ ಹತ್ತಿರವೇ ಉಳೀತಿತ್ತು. ಬರಿಗೈಲಿ ಅಷ್ಟು ದೂರ ವಾಪಸ್ ಹೋಗಿ ತರಬೇಕು. ಒಬ್ಬರೇ ಹೋದರೆ ಮತ್ತೆ ಸಾವು. ಹಾಗಾಗಿ ಗುರುತಿಲ್ಲದವರ ಕೈಕಾಲು ಹಿಡಿದು, ಸ್ವಲ್ಪ ಬನ್ನಿ ಅಂತ ಕರ್ಕೊಂಡು ಹೋಗಬೇಕಿತ್ತು. ಹಂಗೆ ಬಂದವರೇ ಎಷ್ಟೋ ಜನಕ್ಕೆ ವರ್ಷಗಟ್ಟಲೆ ಸ್ನೇಹಿತರಾದರು.

ಆಮೇಲೆ 2004ರ ನವೆಂಬರಿನಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. ನಾನು ಇದಕ್ಕೆ ಸಿಕ್ಕಿದ್ದು ದಾವಣಗೆರೆಯಲ್ಲಿ ಬಿಇ ಓದುವಾಗ. ಬಿಎಸ್‌ಎನ್‌ಎಲ್ ಡೇಟಾವನ್ ಕಾಲ, ನಮ್ಮ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರ ತನಕ ಮಾತ್ರ ಅನ್‌ಲಿಮಿಟೆಡ್. ಭಾರತಕ್ಕೆ ಅಂತ ಸರ್ವರ್ ಇರಲಿಲ್ಲ, ಯುರೋಪಿನದಕ್ಕೆ ಹೋಗಬೇಕು. ಇಲ್ಲಿ ಹೊಡೆದ ಏಟು ಅಲ್ಲಿ ಬೀಳೋಕೆ ಅರ್ಧ ಸೆಕೆಂಡು. ರೂಮಿನಲ್ಲಿ ನಾಲ್ಕು ಜನ, ಒಂದು ಕಂಪ್ಯೂಟರ್. ಹಗರಿಬೊಮ್ಮನಹಳ್ಳಿಯ ಗೆಳೆಯ ಅಲಾರಂ ಇಟ್ಟು ಎರಡು ಗಂಟೆಗೆ ಎಬ್ಬಿಸೋನು, "ಏಳಲೇ, ನಲವತ್ತು ಮಂದಿ ಕಾಯಕತ್ಯಾರ."

ನಿಜವಾಗಿಯೂ ನಲವತ್ತು ಮಂದಿ. ಆಗ ದೊಡ್ಡ ರಾಕ್ಷಸನನ್ನು ಕೊಲ್ಲೋಕೆ ನಲವತ್ತು ಜನರ ಪಡೆ ಬೇಕಿತ್ತು. ಆಟಗಾರರ ಇಂಥ ಸಂಘಕ್ಕೆ ಗಿಲ್ಡ್ ಅಂತಾರೆ. ನಮ್ಮ ಗಿಲ್ಡಿನ ಮುಖ್ಯಸ್ಥ ಒಬ್ಬ ಟ್ರಕ್ ಡ್ರೈವರ್, ಮುಖ್ಯ ವೈದ್ಯೆ ಒಬ್ಬ ಅಜ್ಜಿ. ಒಂದು ರಾತ್ರಿ ಅಜ್ಜಿ ಬರಲಿಲ್ಲ ಅಂತ ಮೂವತ್ತೊಂಬತ್ತು ಜನ ಸುಮ್ಮನೆ ಕೂತು ಹರಟಿ ಹೋಗಿದ್ದೂ ಉಂಟು.

ಇಲ್ಲಿ ಸ್ವಲ್ಪ ನಮ್ಮೂರಿಗೆ ಬರ್ತೀನಿ. ಕಾರಣ ಇದೆ.

ಆಟಗಳು ನಿಂತ ನೀರಾಗಿವೆ ಅಂತ ಯಾರನ್ನ ಕೇಳಿದರೂ ಸಿಗೋ ಉತ್ತರ ಒಂದೇ: ಕಥೆ ಹಳೇದು, ಅದೇ ಹಂದಿ, ಅದೇ ಡ್ರ್ಯಾಗನ್. ನನಗೆ ಇದು ಅರ್ಧಸತ್ಯ ಅನಿಸೋದು ದೊಡ್ಡಾಟದಿಂದ. ನಮ್ಮೂರು ಕೊಟ್ಟೂರಿನ ಹತ್ತಿರದ ಹಳ್ಳಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಈ ಸೀಮೆಯಲ್ಲೆಲ್ಲ ಬಯಲಾಟದ ಹುಚ್ಚು ಇತ್ತು. (ಹರಪನಹಳ್ಳಿಯೋರು ಮಾತ್ರ ಸರ್ವರ್ ಟ್ರಾನ್ಸ್‌ಫರ್ ಆಗ್ತಾನೇ ಇದ್ದರು. 1997ರಲ್ಲಿ ದಾವಣಗೆರೆ ಜಿಲ್ಲೆ, ಆಮೇಲೆ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಕ್ಯಾರೆಕ್ಟರ್ ಅದೇ.) ಸುಗ್ಗಿ ಮುಗಿದು ಮಳೆ ಹಿಡಿಯೋದರೊಳಗೆ ಆಟ ಆಗಬೇಕು. ಕಥೆ ಯಾವುದು? ಮಹಾಭಾರತದ್ದು, ಇಲ್ಲಾ ರಾಮಾಯಣದ್ದು. ನಮ್ಮಜ್ಜ ನೋಡಿದ್ದೂ ಅದೇ, ನಾನು ನೋಡಿದ್ದೂ ಅದೇ. ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೇ ಜನ ಬೆಳತನಕ ಕೂರೋರು. ಅದೇ ಕಥೆ ಅಂತ ಒಬ್ಬನೂ ಗೊಣಗಿದ್ದು ಕೇಳಿಲ್ಲ.

ಯಾಕೆ ಅಂದರೆ, ಕೀಚಕನ ವೇಷ ಹಾಕಿದವನು ನಮ್ಮ ಚಿಕ್ಕಪ್ಪ. ಓದು ಬರಹ ಬಾರದು. ಮಾಸ್ತರು ಹೇಳಿಕೊಟ್ಟಿದ್ದನ್ನ ಕಿವಿಯಲ್ಲೇ ಹಿಡಿದು, ಎತ್ತು ಹೊಡಿತಾ ಹೊಲದಲ್ಲಿ ಒದರಿ ಒದರಿ ಬಾಯಿಪಾಠ ಮಾಡೋನು. ಎರಡು ಮೂರು ತಿಂಗಳು ದಿನಾ ರಾತ್ರಿ ತಾಲೀಮು. ಭೀಮನ ಪಾತ್ರದವನಿಗೂ ಚಿಕ್ಕಪ್ಪನಿಗೂ ಹೊಲದ ಬದುವಿನ ಜಗಳ, ಎರಡು ವರ್ಷದಿಂದ ಮಾತಿಲ್ಲ. ಆದರೆ ಒಬ್ಬ ಬರದಿದ್ದರೆ ಇನ್ನೊಬ್ಬನ ಪಾತ್ರಕ್ಕೆ ಅರ್ಥ ಇಲ್ಲ. ತಾಲೀಮಿನಲ್ಲಿ ಮಾತಾಡಲೇಬೇಕು. ವೇಷದ ಮಾತಿನಿಂದ ಶುರುವಾಗಿ ನಿಧಾನಕ್ಕೆ ಬೀಡಿ ಕೇಳೋ ಮಟ್ಟಕ್ಕೆ ಬಂತು.

ಪಾತ್ರಕ್ಕೆ ದುಡ್ಡೂ ಕೊಡಬೇಕಿತ್ತು. ಈಗಿನ ಗೇಮುಗಳ ಅಂಗಡಿ ನೋಡಿದಾಗ ನನಗೆ ಇದು ನೆನಪಾಗುತ್ತೆ. ದೊಡ್ಡ ಪಾತ್ರಕ್ಕೆ ಹೆಚ್ಚು, ದೂತನ ಪಾತ್ರಕ್ಕೆ ಕಡಿಮೆ. ಆ ದುಡ್ಡಿನಲ್ಲೇ ಮಾಸ್ತರ ಸಂಬಳ, ವೇಷದ ಸಾಮಾನಿನ ಬಾಡಿಗೆ. ಆದರೆ ದುಡ್ಡು ಕೊಟ್ಟರೆ ಸಿಗ್ತಿದ್ದದ್ದು ಪಾತ್ರ ಮಾತ್ರ. ಕುಣಿಯೋದು, ಹಾಡೋದು ಕಲೀಲೇಬೇಕು. ಇಲ್ಲದಿದ್ದರೆ ಊರೇ ನಗುತ್ತೆ, ಮುಂದಿನ ಹತ್ತು ವರ್ಷ. ಇದನ್ನೆಲ್ಲ ಚಂದ ಮಾಡಿ ಹೇಳ್ತಿಲ್ಲ ನಾನು. ಯಾರಿಗೆ ಯಾವ ಪಾತ್ರ ಅನ್ನೋದರಲ್ಲಿ ಜಾತಿ, ಜಮೀನು ಎರಡೂ ಕೆಲಸ ಮಾಡ್ತಿದ್ದವು. ಹೆಣ್ಣಿನ ಪಾತ್ರವೂ ಗಂಡಸರದೇ, ಊರ ಹೆಂಗಸರು ನೋಡೋಕೆ ಮಾತ್ರ.

ಈಗ ವಾಪಸ್ ವಾರ್‌ಕ್ರಾಫ್ಟಿಗೆ. ಆಟ ಕೆಟ್ಟ ದಿನ ಯಾವುದು ಅಂತ ಕೇಳಿದರೆ ನಾನು ತಾರೀಖು ಹೇಳಬಲ್ಲೆ: 2009ರ ಡಿಸೆಂಬರ್ 8. ಅವತ್ತು ಬಂದ ಅಪ್‌ಡೇಟಿನಲ್ಲಿ 'ಡಂಜನ್ ಫೈಂಡರ್' ಅಂತ ಒಂದು ಬಟನ್ ಇತ್ತು. ಅಲ್ಲೀತನಕ ಗುಹೆಗೆ ಹೋಗಬೇಕು ಅಂದರೆ ಊರ ಮಧ್ಯೆ ನಿಂತು, ಒಬ್ಬ ವೈದ್ಯ ಬೇಕು ಬರ್ರೀ ಅಂತ ಕೂಗಬೇಕಿತ್ತು. ಕೂಗಿ ಕೂಗಿ ಯಾರು ಒಳ್ಳೆಯವರು, ಯಾರು ಸಿಕ್ಕಿದ್ದನ್ನ ಬಾಚಿಕೊಂಡು ಓಡ್ತಾರೆ ಅಂತ ಇಡೀ ಸರ್ವರಿಗೆ ಗೊತ್ತಿರೋದು. ಬಟನ್ ಬಂದ ಮೇಲೆ ಒತ್ತಿದರೆ ಸಾಕು, ಬೇರೆ ಬೇರೆ ಸರ್ವರಿನ ಐದು ಜನರನ್ನ ಜೋಡಿಸಿ ಗುಹೆ ಬಾಗಿಲಿಗೇ ಬಿಡೋದು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗೀತು, ಒಬ್ಬರೂ ಒಂದಕ್ಷರ ಮಾತಾಡಲ್ಲ, ಮತ್ತೆ ಅವರ ಮುಖ ನೋಡಲ್ಲ. ಕಳ್ಳನಿಗೆ ಕೆಟ್ಟ ಹೆಸರೂ ಇಲ್ಲ, ಒಳ್ಳೆಯವನಿಗೆ ಒಳ್ಳೆ ಹೆಸರೂ ಇಲ್ಲ.

ಮಾಡಿದವರು ದಡ್ಡರೇನಲ್ಲ. ವೈದ್ಯ ಸಿಗದೆ ಒಂದು ಗಂಟೆ ಕಾದೆ ಅಂತ ಬೈದವರು ನಾವೇ. ಆ ಹೊತ್ತಿಗೆ ನಾವೂ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರೋ ವಯಸ್ಸಿಗೆ ಬಂದಿದ್ದೆವು. ಆಫೀಸು, ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಮುಗಿಸಿದವನಿಗೆ ಉಳಿಯೋದು ನಲವತ್ತು ನಿಮಿಷ. ನಲವತ್ತು ಜನರ ಪಡೆ 2007ರಲ್ಲೇ ಇಪ್ಪತ್ತೈದಕ್ಕೆ ಇಳಿದಿತ್ತು, ಆಮೇಲೆ ಹತ್ತು ಜನ ಇದ್ದರೂ ನಡೀತದೆ ಅಂತಾಯ್ತು. ನನ್ನ ಕೆಲಸವೂ ಅದೇ ಜಾತಿಯದು ನೋಡಿ. ಪ್ರತಿ ಸ್ಪ್ರಿಂಟಿನಲ್ಲೂ ಯೂಸರ್‌ಗೆ ಒಂದು ಕ್ಲಿಕ್ ಕಡಿಮೆ ಮಾಡು ಅನ್ನೋದೇ ಟಿಕೆಟ್ಟು. ಬ್ಯಾಂಕಿನ ಆ್ಯಪಿನಲ್ಲಿ ಅದು ಸರಿ. ನಾಲ್ಕು ಜನ ಸೇರಲಿ ಅಂತಲೇ ಇರೋ ಜಾಗದಲ್ಲಿ, ಒಬ್ಬರಿಗೊಬ್ಬರು ಬೇಕಾಗೋ ಕಾರಣವನ್ನೇ ಕ್ಲಿಕ್ ಅಂತ ಲೆಕ್ಕ ಹಾಕಿ ತೆಗೆದರೆ ಉಳಿಯೋದು ಹಂದಿ ಮಾತ್ರ.

ತಮಾಷೆ ಅಂದರೆ ಲೆಕ್ಕದಲ್ಲಿ ಇದು ಸೋಲಲ್ಲ. 2010ರ ಅಕ್ಟೋಬರಿನಲ್ಲಿ ವಾರ್‌ಕ್ರಾಫ್ಟಿಗೆ 1 ಕೋಟಿ 20 ಲಕ್ಷ ಚಂದಾದಾರರು, ಅದರ ಶಿಖರ. ಹಂಗಾಗಿ ಉಳಿದವರೆಲ್ಲ ಅದನ್ನೇ ನಕಲು ಹೊಡೆಯೋಕೆ ನಿಂತರು. 2011ರ ಡಿಸೆಂಬರಿನಲ್ಲಿ ಬಂದ ಸ್ಟಾರ್ ವಾರ್ಸ್ ಆಟಕ್ಕೆ 20 ಕೋಟಿ ಡಾಲರ್ ಆಸುಪಾಸು ಸುರಿದರು ಅಂತ ಅಂದಾಜು. ಒಂದು ವರ್ಷ ತುಂಬೋದರೊಳಗೆ ಚಂದಾ ಬಿಟ್ಟು ಪುಕ್ಕಟೆ ಆಟ, ಒಳಗೆ ಅಂಗಡಿ. ಅಷ್ಟು ದುಡ್ಡು ಹಾಕಿದವನು ಕುರಿ, ತೋಳದ ಪ್ರಯೋಗ ಮಾಡ್ತಾನಾ? ಗೆದ್ದ ಕುದುರೆ ಬಾಲ ಹಿಡೀತಾನೆ. 2015ರಲ್ಲಿ ವಾರ್‌ಕ್ರಾಫ್ಟಿನವರು ಚಂದಾದಾರರ ಸಂಖ್ಯೆ ಹೇಳೋದನ್ನೇ ನಿಲ್ಲಿಸಿದರು.

ಹಾಗಾದರೆ ಹಳೇ ಕಷ್ಟಾನ ವಾಪಸ್ ತಂದರೆ ಆಯ್ತಲ್ಲ? ತಂದು ನೋಡಿದ್ದಾರೆ. 2014ರಲ್ಲಿ 'ವೈಲ್ಡ್‌ಸ್ಟಾರ್' ಅನ್ನೋ ಆಟ ಮತ್ತೆ ನಲವತ್ತು ಜನರ ಪಡೆ ಅಂತ ಎದೆ ತಟ್ಟಿಕೊಂಡು ಬಂತು, 2018ರಲ್ಲಿ ಬಾಗಿಲು ಹಾಕಿತು. 2019ರ ಆಗಸ್ಟಿನಲ್ಲಿ ವಾರ್‌ಕ್ರಾಫ್ಟಿನವರೇ ಹಳೇ ಆಟವನ್ನ ಬಹುಮಟ್ಟಿಗೆ ಹಿಂಗಿದ್ದ ಹಂಗೇ 'ಕ್ಲಾಸಿಕ್' ಅಂತ ತಂದರು. ಬಟನ್ ಇಲ್ಲ, ಕೂಗಿಯೇ ಕರೀಬೇಕು. ನಾನೂ ಹೋದೆ. ಮೊದಲ ಸಲ ರ‍್ಯಾಗ್ನರೋಸ್ ಅನ್ನೋ ಅಗ್ನಿರಾಕ್ಷಸನನ್ನ ಕೊಲ್ಲೋಕೆ ಲೋಕಕ್ಕೆಲ್ಲ ಸೇರಿ ಐದು ತಿಂಗಳು ಹಿಡಿದಿತ್ತು. ಈ ಸಲ ಒಂದು ಗಿಲ್ಡು ಒಂದೇ ವಾರದಲ್ಲಿ ಮುಗಿಸಿತು. ಎಲ್ಲರ ಹತ್ತಿರ ಎಕ್ಸೆಲ್ ಶೀಟು, ಯೂಟ್ಯೂಬ್ ವಿಡಿಯೋ, ಎಲ್ಲಿ ನಿಂತು ಯಾವ ಸೆಕೆಂಡಿಗೆ ಏನು ಒತ್ತಬೇಕು ಅನ್ನೋದು. ದಾರಿ ತಪ್ಪಿದೆ ಅಂತ ಕೇಳಿದರೆ, ಗೂಗಲ್ ಮಾಡಿ ಅಂತ ಉತ್ತರ. ಊರು ಕಟ್ಟಿ ಕೊಟ್ಟರು, ಆದರೆ ನಾವೆಲ್ಲ ಬುದ್ಧಿವಂತರಾಗಿ ಹೋಗಿದ್ದೆವು.

ಉಸಿರಾಡ್ತಿರೋ ಲೋಕ ಇಲ್ಲವೇ ಇಲ್ಲ ಅಂತಲ್ಲ. ಐಸ್‌ಲ್ಯಾಂಡಿನವರ 'ಈವ್ ಆನ್‌ಲೈನ್' 2003ರಿಂದ ನಡೀತಿದೆ. ಬಾಹ್ಯಾಕಾಶದ ವ್ಯಾಪಾರ, ರಾಜಕೀಯ, ಬೆನ್ನಿಗೆ ಚೂರಿ, ಎಲ್ಲ ಆಟಗಾರರದೇ. 2014ರ ಜನವರಿಯಲ್ಲಿ ಒಂದು ಬಣ ತನ್ನ ಗಡಿಯ ಒಂದು ಬಾಡಿಗೆ ಕಂತು ಕಟ್ಟೋದು ತಪ್ಪಿತು. ಜಾಗ ಅನಾಥ ಆಗಿದ್ದು ಕಂಡು ವೈರಿಗಳು ನುಗ್ಗಿದರು. ಸುಮಾರು 21 ಗಂಟೆ ಯುದ್ಧ, 7,500ಕ್ಕೂ ಹೆಚ್ಚು ಆಟಗಾರರು, ನಿಜವಾದ ದುಡ್ಡಿನ ಲೆಕ್ಕದಲ್ಲಿ 3 ಲಕ್ಷ ಡಾಲರಿನಷ್ಟು ಹಡಗುಗಳು ನಾಶ. ಇದನ್ನ ಯಾವ ಕಥೆಗಾರನೂ ಬರೆದಿರಲಿಲ್ಲ. ಆದರೆ ಈವ್ ಆಡೋಕೆ ಕೆಲಸ ಬಿಡಬೇಕು ಅಂತ ನಮ್ಮ ಟೀಮಿನಲ್ಲಿ ಒಬ್ಬ ಹೇಳ್ತಾನೆ, ಅದು ಪೂರ್ತಿ ತಮಾಷೆ ಅಲ್ಲ.

ನಮ್ಮೂರ ದೊಡ್ಡಾಟವೂ ನಿಂತಿದೆ. 2017ರಲ್ಲಿ ಸರ್ಕಾರ ಬಯಲಾಟಕ್ಕೇ ಅಂತ ಬೇರೆ ಅಕಾಡೆಮಿ ಮಾಡಿ ಬಾಗಲಕೋಟೆಯಲ್ಲಿ ಇಟ್ಟಿದೆ, ಒಳ್ಳೇದೇ. ಆದರೆ ನಮ್ಮಲ್ಲಿ ಮೂರು ತಿಂಗಳು ರಾತ್ರಿ ತಾಲೀಮಿಗೆ ಕೂರೋ ಹುಡುಗರು ಬೆಂಗಳೂರಲ್ಲಿದ್ದಾರೆ, ನನ್ನನ್ನೂ ಸೇರಿಸಿ. ಮದ್ದಳೆ ಬಾರಿಸೋರನ್ನ ಬೇರೆ ಊರಿಂದ ಕರೆಸಬೇಕು. ಭೀಮನೂ ಕೀಚಕನೂ ಇಬ್ಬರಿಗೂ ಎಪ್ಪತ್ತು ದಾಟಿದೆ, ಸಂಜೆ ಒಂದೇ ಕಟ್ಟೆ ಮೇಲೆ ಕೂರ್ತಾರೆ.

ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಹೋದ ಸಲ ಮೂವರು ಹುಡುಗರು ಮೊಬೈಲು ಹಿಡಿದು ಕೂತಿದ್ದರು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಬ್ಯಾನ್ ಆಗಿ ಮುಂದಿನ ವರ್ಷ ಹೆಸರು ಬದಲಿಸಿಕೊಂಡು ಬಂತಲ್ಲ, ಅದೇ ಆಟ. ಅರ್ಧ ಗಂಟೆಗೆ ಎಲ್ಲ ಮುಗಿದು ಹೋಗುತ್ತೆ, ಲೋಕವೂ ಇಲ್ಲ, ಊರೂ ಇಲ್ಲ, ನನಗೆ ಅಷ್ಟಾಗಿ ಸೇರಲ್ಲ. ನಾಲ್ಕನೆಯವನು ಬಂದಿರಲಿಲ್ಲ. ಬಟನ್ ಒತ್ತಿದರೆ ಯಾರೋ ಒಬ್ಬ ಬಂದು ಸೇರ್ತಾನಲ್ಲ, ಶುರು ಮಾಡ್ರಲೇ ಅಂದೆ.

"ಬ್ಯಾಡಣ್ಣ, ಅವ ನೀರು ಬಿಡಾಕ ಹೊಲಕ್ಕೆ ಹೋಗ್ಯಾನ. ಕರ್ಕಂಬರ್ತೀನಿ" ಅಂತ ಒಬ್ಬ ಬೈಕ್ ಹತ್ತಿದ. ಇಬ್ಬರು ಕಾಯ್ತಾ ಕೂತರು.