ಕ್ವಿಬಿ

ಕ್ವಿಬಿಯು ಸುದ್ದಿ ಹಾಗೂ ಮನರಂಜನೆಯ ಕಿರು ವಿಡಿಯೋಗಳನ್ನು ಅಂತರಜಾಲದ ಮೂಲಕ ಒದಗಿಸುತ್ತಿದ್ದ ಅಮೆರಿಕದ ಚಂದಾ ಆಧಾರಿತ ಸೇವೆಯಾಗಿತ್ತು. ಮೊಬೈಲ್ ಫೋನಿನಲ್ಲಿ ನೋಡುವುದಕ್ಕೆಂದೇ ಇದನ್ನು ರೂಪಿಸಲಾಗಿತ್ತು. 2020ರ ಏಪ್ರಿಲ್ 6ರಂದು ಆರಂಭಗೊಂಡು, ಎಂಟು ತಿಂಗಳೊಳಗೆ, ಅದೇ ವರ್ಷದ ಡಿಸೆಂಬರ್ 1ರಂದು ಸ್ಥಗಿತಗೊಂಡಿತು. ಬೇಗನೆ ತಿಂದು ಮುಗಿಸುವ ತುತ್ತು ಎಂಬರ್ಥದ 'ಕ್ವಿಕ್ ಬೈಟ್ಸ್' ಎಂಬ ಇಂಗ್ಲಿಷ್ ಪದಗಳ ಸಂಕ್ಷಿಪ್ತ ರೂಪವೇ 'ಕ್ವಿಬಿ'.

ಸ್ಥಾಪನೆ

ಡ್ರೀಮ್‌ವರ್ಕ್ಸ್ ಚಿತ್ರಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಜೆಫ್ರಿ ಕ್ಯಾಟ್ಜೆನ್‌ಬರ್ಗ್ 2018ರಲ್ಲಿ 'ನ್ಯೂಟಿವಿ' ಎಂಬ ಹೆಸರಿನಲ್ಲಿ ಈ ಸಂಸ್ಥೆಯನ್ನು ಹುಟ್ಟುಹಾಕಿದರು. ಇಬೇ ಕಂಪನಿಯ ಮುಖ್ಯಸ್ಥೆಯಾಗಿದ್ದ ಮೆಗ್ ವಿಟ್ಮನ್ ಇದರ ಮುಖ್ಯ ಕಾರ್ಯನಿರ್ವಾಹಕಿಯಾದರು. ಹಾಲಿವುಡ್‌ನ ಪ್ರಮುಖ ಸ್ಟುಡಿಯೋಗಳೂ ಸೇರಿದಂತೆ ಹೂಡಿಕೆದಾರರಿಂದ ಸುಮಾರು 175 ಕೋಟಿ ಡಾಲರ್ ಬಂಡವಾಳ ಸಂಗ್ರಹವಾಯಿತು.

ಕಾರ್ಯಕ್ರಮಗಳು ಮತ್ತು ತಂತ್ರಜ್ಞಾನ

ಪ್ರತಿ ಕಂತಿನ ಅವಧಿ ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ. ಚಲನಚಿತ್ರದಷ್ಟು ದೀರ್ಘವಾದ ಕಥೆಗಳನ್ನು ಅಧ್ಯಾಯಗಳಾಗಿ ವಿಂಗಡಿಸಲಾಗುತ್ತಿತ್ತು. ಎನ್‌ಬಿಸಿ, ಬಿಬಿಸಿ ಮೊದಲಾದ ಸಂಸ್ಥೆಗಳು ಸುದ್ದಿ ಕಾರ್ಯಕ್ರಮಗಳನ್ನು ನೀಡುತ್ತಿದ್ದವು. 'ಟರ್ನ್‌ಸ್ಟೈಲ್' ಎಂಬ ತಂತ್ರಜ್ಞಾನದಿಂದಾಗಿ ಫೋನನ್ನು ಉದ್ದಕ್ಕೆ ಹಿಡಿದರೂ ಅಡ್ಡಕ್ಕೆ ಹಿಡಿದರೂ ಚಿತ್ರವು ಪರದೆಯ ತುಂಬ ಕಾಣುತ್ತಿತ್ತು. '#ಫ್ರೀರೇಶಾನ್' ಸರಣಿಯ ಅಭಿನಯಕ್ಕಾಗಿ ಲಾರೆನ್ಸ್ ಫಿಶ್‌ಬರ್ನ್ ಮತ್ತು ಜಾಸ್ಮಿನ್ ಸೆಫಸ್ ಜೋನ್ಸ್ 2020ರ ಎಮ್ಮಿ ಪ್ರಶಸ್ತಿಗಳನ್ನು ಪಡೆದರು.

ಅವನತಿಯ ಕಾರಣಗಳು

ಪ್ರಯಾಣ ಮಾಡುವಾಗ ಅಥವಾ ಸರದಿಯಲ್ಲಿ ಕಾಯುವಾಗ ದೊರೆಯುವ ಬಿಡುವಿನ ನಿಮಿಷಗಳನ್ನು ನೆಚ್ಚಿ ಈ ಸೇವೆಯನ್ನು ಕಟ್ಟಲಾಗಿತ್ತು. ಆರಂಭದ ವೇಳೆಗೆ ಕೋವಿಡ್-19 ಹರಡಿ ಜನರು ಮನೆಗಳಲ್ಲಿಯೇ ಉಳಿದಿದ್ದರು. ಮನೆಯ ದೂರದರ್ಶನ ಪರದೆಯಲ್ಲಿ ಕ್ವಿಬಿಯನ್ನು ನೋಡುವ ಅನುಕೂಲ ಮೊದಲಿಗೆ ಇರಲಿಲ್ಲ. 2020ರ ಮೇ ತಿಂಗಳಲ್ಲಿ ಕ್ಯಾಟ್ಜೆನ್‌ಬರ್ಗ್ ಎಲ್ಲ ಹಿನ್ನಡೆಗೂ ಸಾಂಕ್ರಾಮಿಕ ರೋಗವೇ ಕಾರಣವೆಂದಿದ್ದರು. ಆದರೆ ಅದೇ ಅವಧಿಯಲ್ಲಿ ಟಿಕ್‌ಟಾಕ್‌ನ ಕಿರು ವಿಡಿಯೋಗಳ ಜನಪ್ರಿಯತೆ ಹೆಚ್ಚಿತು. ಟಿಕ್‌ಟಾಕ್ ಹಾಗೂ ಯೂಟ್ಯೂಬ್ ಉಚಿತವಾಗಿದ್ದವು. ಕ್ವಿಬಿಗೆ ಜಾಹೀರಾತು ಸಹಿತ ತಿಂಗಳಿಗೆ 4.99 ಡಾಲರ್, ಜಾಹೀರಾತು ರಹಿತ 7.99 ಡಾಲರ್ ತೆರಬೇಕಿತ್ತು. ಮೆಚ್ಚಿದ ದೃಶ್ಯದ ಚಿತ್ರ ತೆಗೆದು ಇತರರೊಂದಿಗೆ ಹಂಚಿಕೊಳ್ಳಲು ಆರಂಭದಲ್ಲಿ ಅವಕಾಶವಿರದ ಕಾರಣ ಬಾಯಿಂದ ಬಾಯಿಗೆ ಪ್ರಚಾರ ದೊರೆಯುವುದೂ ಕಷ್ಟವಾಯಿತು. ಅಕ್ಟೋಬರ್‌ನಲ್ಲಿ ಮುಚ್ಚುವ ನಿರ್ಧಾರವನ್ನು ಪ್ರಕಟಿಸಿದಾಗ, ಮೂಲ ಕಲ್ಪನೆಯೇ ಸಾಕಷ್ಟು ಬಲವಾಗಿರಲಿಲ್ಲದಿರಬಹುದು ಎಂಬ ಸಾಧ್ಯತೆಯನ್ನು ಮುಖ್ಯಸ್ಥರಿಬ್ಬರೂ ಒಪ್ಪಿಕೊಂಡರು.

ನಂತರದ ಬೆಳವಣಿಗೆ

2021ರ ಜನವರಿಯಲ್ಲಿ ರೋಕು ಕಂಪನಿಯು ಕ್ವಿಬಿಯ 75ಕ್ಕೂ ಹೆಚ್ಚು ಕಾರ್ಯಕ್ರಮಗಳ ಪ್ರಸಾರ ಹಕ್ಕನ್ನು ಪಡೆಯಿತು. ಅದೇ ವರ್ಷದ ಮೇ ತಿಂಗಳಿನಿಂದ ಅವು ಜಾಹೀರಾತುಗಳೊಂದಿಗೆ, ಉಚಿತವಾಗಿ, ದೂರದರ್ಶನದ ಪರದೆಯ ಮೇಲೆಯೂ ಲಭ್ಯವಾದವು.