ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಗೂಡು ಮಾಡುವ ರಿವರ್ ಟರ್ನ್ ಪಕ್ಷಿಗಳ ಸಂರಕ್ಷಣೆ

ರಿವರ್ ಟರ್ನ್ (ಹೊಳೆ ರೀವ) ಕಡಲ ಟರ್ನ್‌ಗಳ ಕುಟುಂಬಕ್ಕೆ ಸೇರಿದ್ದು, ಒಳನಾಡಿನ ನದಿ ಹಾಗೂ ಜಲಾಶಯಗಳಲ್ಲಿ ಜೀವಿಸುವ ಪಕ್ಷಿಯಾಗಿದೆ. ಬೂದು ಮೈ, ಕಪ್ಪು ನೆತ್ತಿ, ಹಳದಿ ಕೊಕ್ಕು ಮತ್ತು ಕವಲೊಡೆದ ಬಾಲದಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇದನ್ನು ಅಳಿವಿನ ಅಪಾಯವಿರುವ ಪ್ರಭೇದಗಳೊಡನೆ ಸೇರಿಸಲಾಗಿದೆ. ಮೆಕಾಂಗ್ ನದಿಯಲ್ಲಿ ಒಮ್ಮೆ ಸಾಮಾನ್ಯವಾಗಿದ್ದ ಈ ಪಕ್ಷಿ ಅಲ್ಲಿ ಈಗ ಅತಿ ವಿರಳ.

ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿರುವ ಅಣೆಕಟ್ಟೆಯ ಗರಿಷ್ಠ ಮಟ್ಟ 186 ಅಡಿ. ಬೇಸಿಗೆಯಲ್ಲಿ ಅಚ್ಚುಕಟ್ಟಿಗೆ ನೀರು ಹರಿದು ಮಟ್ಟ ಇಳಿದಾಗ, ಮುಳುಗಿದ್ದ ಗುಡ್ಡಗಳ ನೆತ್ತಿಗಳು ನಡುಗಡ್ಡೆಗಳಾಗಿ ತೋರುತ್ತವೆ. ಸದರಿ ನಡುಗಡ್ಡೆಗಳೇ ಈ ಪಕ್ಷಿಗಳ ಸಂತಾನೋತ್ಪತ್ತಿಯ ತಾಣ. ಇತರೆಡೆ ಅಣೆಕಟ್ಟುಗಳು ಮತ್ತು ಮರಳು ಗಣಿಗಾರಿಕೆ ಇವುಗಳ ಮರಳುದಿಣ್ಣೆಗಳನ್ನು ಕಸಿದುಕೊಂಡಿದ್ದರೆ, ಇಲ್ಲಿ ಅಣೆಕಟ್ಟೆಯೇ ನೆಲೆ ಒದಗಿಸಿರುವುದು ಗಮನಾರ್ಹ.

ಗೂಡು ಎಂದರೆ ಜಲ್ಲಿಕಲ್ಲಿನ ನಡುವೆ ಕೆದರಿದ ಸಣ್ಣ ತಗ್ಗು ಮಾತ್ರ. ಹುಲ್ಲಿಲ್ಲ, ನೆರಳಿಲ್ಲ. ಮಚ್ಚೆಯುಳ್ಳ ಮೊಟ್ಟೆಗಳು ಕಲ್ಲಿನೊಡನೆ ಬೆರೆತು ಕಾಲಡಿಗೆ ಬಂದರೂ ತಿಳಿಯುವುದಿಲ್ಲ. ತಾಯಿ ಅಥವಾ ತಂದೆ ಪಕ್ಷಿ ಬಿಸಿಲಿಗೆ ಅಡ್ಡವಾಗಿ ಕುಳಿತು, ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ದೋಣಿ ಸಮೀಪಿಸಿದರೆ ಇಡೀ ಸಮೂಹವು ಒಮ್ಮೆಗೇ ಮೇಲೇಳುತ್ತದೆ. ನೋಡುವವರಿಗೆ ಅದು ಸೊಗಸಾದ ದೃಶ್ಯವೇ ಸರಿ. ಆದರೆ ಆ ಅವಧಿಯಲ್ಲಿ ಮೊಟ್ಟೆಗಳು ಸುಡುಬಿಸಿಲಿಗೆ ಒಡ್ಡಿಕೊಳ್ಳುತ್ತವೆ, ಕಾಗೆ ಮತ್ತು ಹದ್ದುಗಳಿಗೆ ಅವಕಾಶ ದೊರೆಯುತ್ತದೆ. ಮಳೆ ಬೇಗ ಬಂದು ಒಳಹರಿವು ಏರಿದಲ್ಲಿ, ಹಾರಲು ಕಲಿಯದ ಮರಿಗಳು ಗೂಡಿನೊಡನೆ ಮುಳುಗುವ ಅಪಾಯವೂ ಉಂಟು. ಮಳೆಯನ್ನು ತಡೆಯಲು ಯಾರಿಂದಲೂ ಆಗದು. ದೋಣಿಯನ್ನು ದೂರವಿಡುವುದು ಸಾಧ್ಯ.

ಅನುಮತಿ ಕೋರುವವರ ಗಮನಕ್ಕೆ

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕರಣ 2(16)ರಲ್ಲಿ ನೀಡಿರುವ 'ಬೇಟೆ' ಎಂಬ ಪದದ ಅರ್ಥದಲ್ಲಿ ಕಾಡುಪಕ್ಷಿಗಳ ಮೊಟ್ಟೆಗೆ ಹಾನಿ ಮಾಡುವುದಷ್ಟೇ ಅಲ್ಲದೆ, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಬಂದೂಕು ಹಿಡಿದಿರಬೇಕೆಂದೇನಿಲ್ಲ. ಅಭಯಾರಣ್ಯದೊಳಗೆ ಬೇಟೆಯಾಡಿದ ಅಪರಾಧಕ್ಕೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಕಾರಾವಾಸ ಹಾಗೂ, 2022ರ ತಿದ್ದುಪಡಿಯಂತೆ, ರೂ. 25,000ಕ್ಕೆ ಕಡಿಮೆಯಿಲ್ಲದ ಜುಲ್ಮಾನೆ ವಿಧಿಸಬಹುದಾಗಿದೆ.

ಭದ್ರಾ ವನ್ಯಜೀವಿ ಅಭಯಾರಣ್ಯವು 1998ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಸೇರಿದೆ. ಅಭಯಾರಣ್ಯವನ್ನು ಪ್ರವೇಶಿಸಲು ಅಧಿನಿಯಮದ ಪ್ರಕರಣ 28ರ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರು ಅಧ್ಯಯನ, ಸಂಶೋಧನೆ, ಛಾಯಾಗ್ರಹಣ, ಪ್ರವಾಸ ಮುಂತಾದ ಉದ್ದೇಶಗಳಿಗೆ ಅನುಮತಿ ನೀಡಬಹುದಾಗಿದೆ. ಛಾಯಾಗ್ರಹಣ ಮತ್ತು ಚಲನಚಿತ್ರ ಚಿತ್ರೀಕರಣದಿಂದ ನೆಲೆಗಾಗಲಿ ವನ್ಯಜೀವಿಗಾಗಲಿ ಪ್ರತಿಕೂಲ ಪರಿಣಾಮ ಉಂಟಾಗಕೂಡದು. ಆದ್ದರಿಂದ ಪ್ರವೇಶದ ಅನುಮತಿಯನ್ನು ಗೂಡಿನ ಬಳಿ ಇಳಿಯಲು ದೊರೆತ ಅನುಮತಿಯೆಂದು ಯಾರೂ ಭಾವಿಸತಕ್ಕದ್ದಲ್ಲ. ಹತ್ತಿರದ ಚಿತ್ರ ಬೇಕೆಂಬ ಕಾರಣಕ್ಕೆ ದೋಣಿ ಚಾಲಕರನ್ನು ಒತ್ತಾಯಿಸುವುದು ಸರಿಯಲ್ಲ; ದೂರದಿಂದ ಚಿತ್ರ ತೆಗೆಯಬಲ್ಲ ಮಸೂರವನ್ನು ಜೊತೆಗೆ ತರುವುದು ಸೂಕ್ತ.

ಮಳೆಗಾಲದಲ್ಲಿ ನಡುಗಡ್ಡೆಗಳು ಮುಳುಗಿ ಪಕ್ಷಿಗಳು ಚದುರಿಹೋಗುವುದರಿಂದ, ಇವುಗಳ ವೀಕ್ಷಣೆಗೆಂದೇ ಬರುವವರು ಬೇಸಿಗೆಯ ದಿನಾಂಕಗಳನ್ನು ಆಯ್ದುಕೊಳ್ಳಲು ಕೋರಲಾಗಿದೆ.