ತೊರವಿಯ ಕತ್ತಲು ಮತ್ತು ಎರಡನೆಯ ಕ್ಯಾಮೆರಾ

ನನ್ನ ಲ್ಯಾಪ್‌ಟಾಪಿನಲ್ಲಿ ‘ತೊರವಿ ಭಜನೆ’ ಎಂಬ ಹೆಸರಿನ ಒಂದು ಫೋಲ್ಡರ್ ಇದೆ. ಅದರಲ್ಲಿ ನಲವತ್ತೊಂದು ಫೋಟೋಗಳಿವೆ. ಎಲ್ಲದರಲ್ಲೂ ಪಡಸಾಲೆಯ ಕಂಬ ಸ್ಪಷ್ಟವಾಗಿದೆ, ಗೋಡೆಯ ಸುಣ್ಣ ಎದ್ದಿರುವುದು ಸ್ಪಷ್ಟವಾಗಿದೆ, ಮೂಲೆಯಲ್ಲಿಟ್ಟ ಎಣ್ಣೆ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಬಹುದು. ಹಾಡುತ್ತಿದ್ದ ಹೆಣ್ಣುಮಕ್ಕಳು ಮಾತ್ರ ಇಲ್ಲ. ಅವರು ಕುಳಿತಿದ್ದ ಜಾಗದಲ್ಲಿ ಹಸಿರು, ಕೆಂಪು, ಅರಿಶಿನ ಬಣ್ಣದ ಹೊಗೆಯಂಥದ್ದು ಇದೆ. ತಾಳ ಬಡಿಯುತ್ತಿದ್ದ ಕೈಗಳಂತೂ ಪೂರಾ ಮಾಯವಾಗಿವೆ.

ಫ್ಲ್ಯಾಶ್ ಹಾಕಬಹುದಿತ್ತು. ಮೊದಲನೇ ಸಲ ಹಾಕಿದಾಗಲೇ ಹಾಡು ನಿಂತಿತು. ತಂಡದ ಹಿರಿಯಜ್ಜಿ ಕಣ್ಣುಜ್ಜಿಕೊಳ್ಳುತ್ತ, “ಯವ್ವಾ, ಲೈಟ್ ಹೊಡಿಬ್ಯಾಡ. ದೀಪ ಐತೆಲ್ಲ, ಅಷ್ಟ ಸಾಕು” ಅಂದರು. ಅವರಿಗೆ ಸಾಕಾದ ದೀಪ ನನ್ನ ಕ್ಯಾಮೆರಾಗೆ ಸಾಲಲಿಲ್ಲ. ಆಮೇಲೆ ಊರಿಗೆ ಹೋದಾಗಲೆಲ್ಲ ಅಜ್ಜಿ ಕೇಳುವುದು ಒಂದೇ ಮಾತು: “ನನ್ನ ಫೋಟೋ ಯಾವಾಗ ಕೊಡ್ತೀಯವಾ?”

ಎರಡನೆಯ ಕ್ಯಾಮೆರಾ ಬಾಡಿಯ ಯೋಚನೆ ಶುರುವಾದದ್ದು ಹೀಗೆ. ಫೆಲೋಶಿಪ್ ಹಣದಲ್ಲಿ ಬದುಕುವವಳಿಗೆ ಇದು ಸಣ್ಣ ಖರ್ಚಲ್ಲ. ಇತಿಹಾಸ ಓದುವವರಿಗೆ ಒಂದು ಚಟವಿದೆ. ಏನನ್ನೇ ಕೊಳ್ಳುವ ಮೊದಲು ಅದರ ಹಿಂದಿನ ನೂರೈವತ್ತು ವರ್ಷವನ್ನು ನೋಡುತ್ತೇವೆ. ನಾನೂ ನೋಡಿದೆ.

ತೊರವಿ ವಿಜಯಪುರ ನಗರದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ದೂರದಲ್ಲಿದೆ. ಕನ್ನಡ ಓದಿದವರಿಗೆ ಈ ಹೆಸರು ಕುಮಾರ ವಾಲ್ಮೀಕಿಯಿಂದ ಗೊತ್ತು. ಭಾಮಿನಿ ಷಟ್ಪದಿಯ ತೊರವೆ ರಾಮಾಯಣಕ್ಕೆ ಆ ಹೆಸರು ಬಂದದ್ದು ಈ ಊರಿನಿಂದ, ಕವಿಯ ಆರಾಧ್ಯದೈವ ಇಲ್ಲಿನ ನರಸಿಂಹ. ಇತಿಹಾಸ ಓದಿದವರಿಗೆ ಇದು ಎರಡನೇ ಇಬ್ರಾಹಿಂ ಆದಿಲ್ ಶಾ 1599ರಲ್ಲಿ ಕಟ್ಟಲು ತೊಡಗಿದ, 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಸಿಕ್ಕಿ ಹಾಳಾದ ನವರಸಪುರ. ನೀರಿನ ಇತಿಹಾಸ ಬಲ್ಲವರಿಗೆ ಇದು ಸುರಂಗ ಬಾವಡಿಯ ಊರು: ಆದಿಲ್‌ಶಾಹಿ ಕಾಲದಲ್ಲಿ ನೆಲದಡಿ ಕಲ್ಲು ಕಡಿದು, ಅಲ್ಲಲ್ಲಿ ಗಾಳಿಬಾವಿ ಬಿಟ್ಟು, ಇಳಿಜಾರಿನ ಬಲದಿಂದಲೇ ನಗರಕ್ಕೆ ನೀರು ಹರಿಸಿದ ಕರೇಜ್ ವ್ಯವಸ್ಥೆ ಇಲ್ಲಿದೆ. ಸಂಗೀತ ಮಹಲಿನ ಕಮಾನುಗಳನ್ನು ಬಿಟ್ಟರೆ ಇಲ್ಲಿ ನನಗೆ ಬೇಕಾದದ್ದೆಲ್ಲ ಕತ್ತಲಲ್ಲಿದೆ. ಗುಡಿ ನೆಲಮಟ್ಟಕ್ಕಿಂತ ಕೆಳಗೆ, ಸುರಂಗ ಅದಕ್ಕೂ ಕೆಳಗೆ, ಹಾಡು ರಾತ್ರಿ ಊಟವಾದ ಮೇಲೆ.

ಈ ಸೀಮೆಗೆ ಕ್ಯಾಮೆರಾ ಬಂದದ್ದು ಬೇಗ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸರ್ಕಾರ ತನ್ನ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ವಾಸ್ತುಶಿಲ್ಪದ ಫೋಟೋ ತೆಗೆಯುವ ಕೆಲಸಕ್ಕೆ ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಅವನು ಸುತ್ತಿದ. ವರ್ಷ ಮುಗಿಯುವುದರೊಳಗೆ ಅವನನ್ನು ದಳಕ್ಕೆ ವಾಪಸು ಕರೆಸಿ, ಕ್ಯಾಮೆರಾವನ್ನು ಡಾಕ್ಟರ್ ಪಿಗೂ ಎಂಬುವವನ ಕೈಗಿತ್ತರು. ಈ ಕೆಲಸದ ಫಲ 1866ರಲ್ಲಿ ಲಂಡನ್ನಿನಿಂದ ದೊಡ್ಡ ಸಂಪುಟಗಳಾಗಿ ಬಂತು. ಬಿಜಾಪುರದ ಸಂಪುಟಕ್ಕೆ ಐತಿಹಾಸಿಕ ಟಿಪ್ಪಣಿ ಬರೆದವನು ಸುರಪುರದ ಕಥೆಯಿಂದ ನಮಗೆಲ್ಲ ಪರಿಚಿತನಾದ ಮೆಡೋಸ್ ಟೇಲರ್, ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು.

ಆ ಸಂಪುಟದ ಶೀರ್ಷಿಕೆ ಪುಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ವಿಷಯವಿದೆ. ಫೋಟೋಗಳಲ್ಲಿ ಒಂದಷ್ಟನ್ನು ಸ್ಥಳದಲ್ಲೇ ತೆಗೆಯಲಾಗಿದೆ. ಇನ್ನೊಂದಷ್ಟು ಚಿತ್ರಗಳ ಫೋಟೋಗಳು. ಎಂದರೆ ಕ್ಯಾಪ್ಟನ್ ಹಾರ್ಟ್, ಕಮಿಂಗ್ ಮತ್ತು ‘ದೇಶೀ ನಕ್ಷೆಗಾರರು’ ಕೈಯಿಂದ ಬರೆದ ಚಿತ್ರಗಳನ್ನು ಕ್ಯಾಮೆರಾದ ಮುಂದಿಟ್ಟು ತೆಗೆದವು. ಆ ನಕ್ಷೆಗಾರರಿಗೆ ಹೆಸರಿಲ್ಲ. ಅಳತೆ ತೋರುವ ನಕ್ಷೆಯನ್ನು ಯಾವ ಕ್ಯಾಮೆರಾವೂ ಕೊಡಲಾರದು, ಒಪ್ಪುತ್ತೇನೆ. ಆದರೂ ಕಟ್ಟಡದ ಒಳಹೊಕ್ಕು, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕೂತು ನೋಡುವ ಕೆಲಸವನ್ನು ಆ ಕಾಲದಲ್ಲಿ ಯಂತ್ರಕ್ಕಿಂತ ಮನುಷ್ಯನೇ ಚೆನ್ನಾಗಿ ಮಾಡುತ್ತಿದ್ದ. ಅವರನ್ನೇ ಬಿಜಾಪುರದ ಮೊದಲ ‘ಎರಡನೆಯ ಕ್ಯಾಮೆರಾ’ ಎಂದು ಕರೆಯಲು ನನಗೆ ಆಸೆ.

ಅಂದಿನ ನೆಗೆಟಿವ್‌ಗಳಿಗೆ ಬೆಳಕಿನ ಹಸಿವು ಅಷ್ಟಿತ್ತು. ಬಿಸಿಲಲ್ಲಿ ನಿಂತ ಗೋಡೆಗೂ ಸಾಕಷ್ಟು ಹೊತ್ತು ಬೇಕು, ಒಳಾಂಗಣಕ್ಕೆ ಕೇಳುವುದೇ ಬೇಡ. ಆದರೆ ಗೋಡೆಗೆ ಅವಸರವಿಲ್ಲ, ಎಷ್ಟು ಹೊತ್ತಾದರೂ ಕಾಯುತ್ತದೆ. ಕಾಯದವನು ಮನುಷ್ಯ. 1838ರಲ್ಲಿ ಡಾಗೇರ್ ಪ್ಯಾರಿಸ್ಸಿನ ಒಂದು ಗಿಜಿಗುಡುವ ಬೀದಿಯನ್ನು ಸೆರೆಹಿಡಿದಾಗ ಗಾಡಿ, ಕುದುರೆ, ಜನ ಎಲ್ಲ ಅಳಿಸಿಹೋಗಿ, ಬೂಟು ಒರೆಸಿಕೊಳ್ಳಲು ಒಂದೇ ಕಡೆ ನಿಂತಿದ್ದ ಒಬ್ಬ ಮಾತ್ರ ಉಳಿದ. ಅದೇ ಪ್ಯಾರಿಸ್ಸಿನಲ್ಲಿ 1861ರಲ್ಲಿ ನಾಡಾರ್ ಎಂಬ ಛಾಯಾಗ್ರಾಹಕ ಬ್ಯಾಟರಿಯಿಂದ ಉರಿಯುವ ವಿದ್ಯುತ್ ದೀಪ ಹಿಡಿದು ನೆಲದಡಿಯ ಎಲುಬುಗಳ ಸುರಂಗಕ್ಕೆ ಇಳಿದ. ಒಂದು ಚಿತ್ರಕ್ಕೆ ಹದಿನೆಂಟು ನಿಮಿಷದವರೆಗೂ ಬೇಕಾಗುತ್ತಿತ್ತು. ಅಷ್ಟು ಹೊತ್ತು ಯಾವ ಕೂಲಿಯಾಳು ಅಲ್ಲಾಡದೆ ನಿಂತಾನು? ನಾಡಾರ್ ಕೂಲಿಯಾಳುಗಳ ಜಾಗದಲ್ಲಿ ಬಟ್ಟೆ ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ! ಆ ಫೋಟೋಗಳನ್ನು ನೋಡಿದಾಗ ನನ್ನ ನಲವತ್ತೊಂದು ಫೋಟೋ ನೆನಪಾದವು. ನನಗೆ ಬೊಂಬೆ ಹೊಳೆಯಲಿಲ್ಲ ಅಷ್ಟೇ.

ಮುಂದಿನ ಕಥೆ ಬೇಗ ಹೇಳಬಹುದು. 1870ರ ದಶಕದ ಕೊನೆಗೆ ಒಣ ಗಾಜಿನ ಪ್ಲೇಟುಗಳು ಮಾರುಕಟ್ಟೆಗೆ ಬಂದವು. ಪುರಾತತ್ವ ಇಲಾಖೆಯ ಹೆನ್ರಿ ಕಸೆನ್ಸ್ ಬಿಜಾಪುರದ ಕಟ್ಟಡಗಳ ಬಗ್ಗೆ 1916ರಲ್ಲಿ ಪ್ರಕಟಿಸಿದ ಸಂಪುಟ ಇವತ್ತಿಗೂ ನಮ್ಮಂಥವರ ಆಧಾರಗ್ರಂಥ. ಹೀಗೆ ಕಟ್ಟಡಗಳು ದಾಖಲಾದವು. ಅವುಗಳೊಳಗೆ ದೀಪದ ಬೆಳಕಲ್ಲಿ ಬದುಕಿದವರು ದಾಖಲಾಗಲು ಬೇರೆಯದೇ ಕ್ಯಾಮೆರಾ ಬೇಕಿತ್ತು. ಅದು 1924ರಲ್ಲಿ ಜರ್ಮನಿಯಲ್ಲಿ ಬಂದ ಎರ್ಮಾನಾಕ್ಸ್. ಅದರ ಲೆನ್ಸ್ ಎಫ್/2, ಆ ಕಾಲಕ್ಕೆ ದೈತ್ಯ. ಎರಿಕ್ ಸಾಲೊಮನ್ ಅದನ್ನು ಟೋಪಿಯೊಳಗೆ ಅಡಗಿಸಿಕೊಂಡು 1928ರಲ್ಲಿ ಬರ್ಲಿನ್ನಿನ ಕೋರ್ಟಿನೊಳಗೆ ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆದ. ಕತ್ತಲ ಕೋಣೆಯಲ್ಲಿ ಜನ ತಮ್ಮ ಪಾಡಿಗೆ ತಾವಿರುವಾಗ ಹೇಗಿರುತ್ತಾರೆ ಎಂಬುದು ಕಾಣತೊಡಗಿದ್ದು ಆಗ.

ಹಾಗಾದರೆ ಎರಡನೆಯ ಬಾಡಿ ಎಂಬ ರೂಢಿ ಎಲ್ಲಿಂದ ಬಂತು? ರೀಲಿನ ಕಾಲದಲ್ಲಿ ಪತ್ರಿಕಾ ಛಾಯಾಗ್ರಾಹಕರ ಕೊರಳಲ್ಲಿ ಎರಡು ಕ್ಯಾಮೆರಾ ನೇತಾಡುತ್ತಿದ್ದುದಕ್ಕೆ ಒಂದು ಸರಳ ಕಾರಣವಿತ್ತು. ಒಂದು ರೀಲು ಹಾಕಿದರೆ ಮೂವತ್ತಾರು ಫೋಟೋ ಮುಗಿಯುವವರೆಗೆ ಅದೇ ಗತಿ. ಬಿಸಿಲಿಗೆ ನಿಧಾನದ ಕಲರ್ ರೀಲು ಒಂದರಲ್ಲಿ, ಒಳಾಂಗಣಕ್ಕೆ ವೇಗದ ಕಪ್ಪು-ಬಿಳುಪು ರೀಲು ಇನ್ನೊಂದರಲ್ಲಿ. 1954ರಲ್ಲಿ ಕೊಡಾಕ್‌ನವರ ಟ್ರೈ-ಎಕ್ಸ್ ಮೂವತ್ತೈದು ಮಿಲಿಮೀಟರ್ ರೀಲಾಗಿ ಬಂದ ಮೇಲೆ ಎರಡನೇ ಕ್ಯಾಮೆರಾದಲ್ಲಿ ಹೆಚ್ಚಾಗಿ ಇದ್ದದ್ದು ಅದೇ. ಬಾಡಿಗಳು ಎರಡೂ ಒಂದೇ ಮಾದರಿಯವಾದರೂ ನಡೆಯುತ್ತಿತ್ತು. ಕತ್ತಲನ್ನು ಗೆಲ್ಲುವ ಶಕ್ತಿ ಬಾಡಿಯಲ್ಲಿರಲಿಲ್ಲ, ರೀಲಿನಲ್ಲಿತ್ತು. ಬಡವನ ಕ್ಯಾಮೆರಾಗೂ ಶ್ರೀಮಂತನ ಕ್ಯಾಮೆರಾಗೂ ಅದೇ ರೀಲು.

ಡಿಜಿಟಲ್ ಬಂದು ಇದನ್ನು ತಲೆಕೆಳಗು ಮಾಡಿತು. ಐಎಸ್‌ಒವನ್ನು ಫೋಟೋದಿಂದ ಫೋಟೋಗೆ ಬದಲಿಸಬಹುದು, ಆದ್ದರಿಂದ ಎರಡನೆಯ ಬಾಡಿಯೇ ಬೇಡ ಎಂದು ಮೊದಲಿಗೆ ಅನ್ನಿಸುತ್ತದೆ. ನಡೆದದ್ದು ಬೇರೆ. ರೀಲಿನ ಜಾಗಕ್ಕೆ ಬಂದ ಸೆನ್ಸರ್ ಬಾಡಿಯೊಳಗೆ ಗಟ್ಟಿಯಾಗಿ ಕೂತಿತು. ಈಗ ಬಾಡಿ ಕೊಳ್ಳುವುದೆಂದರೆ ಮುಂದಿನ ಏಳೆಂಟು ವರ್ಷಕ್ಕೆ ಒಂದೇ ರೀಲು ಕೊಂಡ ಹಾಗೆ. 2007ರಲ್ಲಿ ನಿಕಾನ್ ಡಿ3 ಬಂದು ಐಎಸ್‌ಒ 6400ರಲ್ಲೂ ಅಚ್ಚಿಗೆ ಕೊಡಬಹುದಾದ ಫೋಟೋ ತೆಗೆದಾಗ ಪತ್ರಿಕೆಯವರು ಬೆರಗಾದರು. ಕಾರಣ ದೊಡ್ಡ ಸೆನ್ಸರ್. ಬರೇ 1.2 ಕೋಟಿ ಪಿಕ್ಸೆಲ್ಲುಗಳನ್ನು 36×24 ಮಿಲಿಮೀಟರ್ ಜಾಗದಲ್ಲಿ ಹರಡಿದ್ದರು.

ನನ್ನ ಹತ್ತಿರ ಇದ್ದದ್ದು ಸಣ್ಣ ಸೆನ್ಸರಿನ ನಿಕಾನ್ ಡಿ5600, ಅದರ ಜೊತೆಗೇ ಬಂದ ಲೆನ್ಸ್. ಭಜನೆಯ ರಾತ್ರಿಯ ಲೆಕ್ಕ ಹೀಗಿತ್ತು: ಎಫ್/4, ಐಎಸ್‌ಒ 1600, ಕಾಲು ಸೆಕೆಂಡ್. ಕಾಲು ಸೆಕೆಂಡಿನಲ್ಲಿ ತಾಳದ ಕೈ ಎಲ್ಲಿಂದೆಲ್ಲಿಗೋ ಹೋಗಿರುತ್ತದೆ. ಇನ್ನೂ ಐಎಸ್‌ಒ ಏರಿಸಿದರೆ ಮುಖದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತಿತ್ತು. ನಗರದ ಒಂದು ಅಂಗಡಿಯಲ್ಲಿ ಹಳೆಯ ಬಾಡಿಗಳನ್ನು ನೋಡಲು ಹೋದಾಗ ಅಂಗಡಿಯವರು ಫೋಟೋಗಳನ್ನು ನೋಡಿ, “ಅಕ್ಕಾರ, ಬಾಡಿ ಆಮ್ಯಾಲ. ಮೊದಲ ಒಂದ್ ಛಲೋ ಲೆನ್ಸ್ ತಗೋರಿ” ಅಂದರು. ಮಾರುವವರೇ ಹೀಗೆ ಹೇಳಿದರೆ ನಂಬಬೇಕು. ಲೆಕ್ಕ ಹಾಕಿದರೆ ಅವರ ಮಾತು ಸರಿ. ಎಫ್/4ರಿಂದ ಎಫ್/1.8ಕ್ಕೆ ಬಂದರೆ ಬೆಳಕು ಸುಮಾರು ಐದು ಪಟ್ಟು. ಕಾಲು ಸೆಕೆಂಡ್ ಇದ್ದದ್ದು ಇಪ್ಪತ್ತನೇ ಒಂದು ಸೆಕೆಂಡ್ ಆಗುತ್ತದೆ. ಸಣ್ಣ ಸೆನ್ಸರಿನಿಂದ ಫುಲ್ ಫ್ರೇಮಿಗೆ ಹೋದರೆ ಸಿಗುವುದು ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು, ಖರ್ಚು ಮಾತ್ರ ಎಷ್ಟೋ ಪಟ್ಟು. 50 ಮಿಲಿಮೀಟರ್ ಎಫ್/1.8 ಲೆನ್ಸ್ ಮೊದಲು ಕೊಂಡೆ.

ಆದರೂ ಇಪ್ಪತ್ತನೇ ಒಂದು ಸೆಕೆಂಡಿಗೆ ತಾಳ ನಿಲ್ಲಲಿಲ್ಲ. ಮುಖ ಬಂತು, ಕೈ ಬರಲಿಲ್ಲ. ಎರಡೂ ಸೇರಿದರೆ, ಅಂದರೆ ಆ ಲೆನ್ಸು ಮತ್ತು ದೊಡ್ಡ ಸೆನ್ಸರು, ನಲವತ್ತೈದನೇ ಒಂದು ಸೆಕೆಂಡ್. ರವೆಯನ್ನು ಇನ್ನೊಂದು ಹಂತ ಸಹಿಸಿಕೊಂಡರೆ ತೊಂಬತ್ತನೇ ಒಂದು. ಅಷ್ಟಾದರೆ ಕೈಗೆ ಆಕಾರ ಬರುತ್ತದೆ.

ಕೊನೆಗೆ ಹಳೆಯ ನಿಕಾನ್ ಡಿ750 ಒಂದನ್ನು ಆರಿಸಿದೆ. 2014ರ ಮಾದರಿ, ಈಗ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಹೊಸ ಮಿರರ್‌ಲೆಸ್ ಬಾಡಿಗಳು ಸದ್ದು ಮಾಡುವುದಿಲ್ಲ, ಅವುಗಳಲ್ಲಿ ಕೆಲವು ಕೈ ನಡುಕವನ್ನೂ ತಡೆಯುತ್ತವೆ, ನಿಜ. ಆದರೆ ನಡುಕ ತಡೆಯುವ ವ್ಯವಸ್ಥೆ ನನ್ನ ಕೈ ಅಲ್ಲಾಡುವುದನ್ನು ನಿಲ್ಲಿಸುತ್ತದೆಯೇ ಹೊರತು ಅಜ್ಜಿಯ ಕೈಯನ್ನಲ್ಲ. ಡಿ750ಯಲ್ಲಿ ನನಗೆ ಮುಖ್ಯವಾದದ್ದು ಬೇರೆ: ನನ್ನ 50 ಮಿಲಿಮೀಟರ್ ಲೆನ್ಸ್ ಎರಡೂ ಬಾಡಿಗೆ ಕೂರುತ್ತದೆ, ಬೆಳದಿಂಗಳಿನಷ್ಟು ಮಂದ ಬೆಳಕಿನಲ್ಲೂ ಅದು ಫೋಕಸ್ ಹುಡುಕುತ್ತದೆ, ಎರಡು ಕಾರ್ಡುಗಳಲ್ಲಿ ಒಟ್ಟಿಗೇ ಬರೆಯುತ್ತದೆ. ಕ್ಷೇತ್ರಕಾರ್ಯದಲ್ಲಿ ಒಂದು ಕಾರ್ಡ್ ಕೆಟ್ಟು ಒಂದು ರಾತ್ರಿಯ ಹಾಡು ಹೋದರೆ ಅದು ಮತ್ತೆ ಸಿಗುವುದಿಲ್ಲ. ಹಳೆಯದನ್ನು ಕೊಳ್ಳುವವರು ಎರಡು ವಿಷಯ ನೋಡಬೇಕು. ಒಂದು ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ. ಈ ಮಾದರಿಗೆ ಕಂಪನಿ ಹೇಳುವ ಅಂದಾಜು 1,50,000. ಇನ್ನೊಂದು ಸೀರಿಯಲ್ ನಂಬರ್. ಇದರ ಕೆಲವು ತಂಡಗಳ ಶಟರನ್ನು ಕಂಪನಿಯೇ ಪುಕ್ಕಟೆ ಬದಲಿಸಿಕೊಟ್ಟಿತ್ತು, ನಿಮ್ಮದು ಬದಲಾಗಿದೆಯೋ ಇಲ್ಲವೋ ವಿಚಾರಿಸಬೇಕು.

ಹಳೆಯ ಬಾಡಿಯನ್ನು ಮಾರಲಿಲ್ಲ. ಸುರಂಗ ಬಾವಡಿಗೆ ಈಗಲೂ ಅದೇ ಹೋಗುತ್ತದೆ. ಅಲ್ಲಿ ಕತ್ತಲಿಗಿಂತ ದೊಡ್ಡ ತೊಂದರೆ ಬೆಳಕು: ಗಾಳಿಬಾವಿಯಿಂದ ಬಿಸಿಲು ದುಂಡಗೆ ಬೀಳುತ್ತದೆ, ಅದರ ಪಕ್ಕದಲ್ಲೇ ಕಪ್ಪು. ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯಲು ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಕಡಿಮೆ ಐಎಸ್‌ಒದಲ್ಲಿ, ಬೇರೆ ಬೇರೆ ಅವಧಿಯ ನಾಲ್ಕಾರು ಫೋಟೋ ತೆಗೆಯಬೇಕು. ಕಲ್ಲು ಬಿಗ್ಸ್‌ನ ಕಾಲದಲ್ಲಿ ಕಾದ ಹಾಗೆಯೇ ನನಗೂ ಕಾಯುತ್ತದೆ. (ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಪಡೆಯಬೇಕು, ನೆನಪಿರಲಿ.) ಗುಡಿಯೊಳಗೆ ಎರಡೂ ಕ್ಯಾಮೆರಾ ಚೀಲದಲ್ಲೇ ಇರುತ್ತವೆ. ಅಲ್ಲಿ ಫೋಟೋ ಬೇಡ ಎಂದರೆ ಬೇಡ, ಸೆನ್ಸರ್ ಎಷ್ಟೇ ದೊಡ್ಡದಿರಲಿ.

ಹೊಸ ಬಾಡಿ ಹೊಸದೊಂದು ಪೇಚನ್ನೂ ತಂದಿತು. ಎಫ್/1.8ರಲ್ಲಿ ಹತ್ತಿರದಿಂದ ತೆಗೆದರೆ ಒಬ್ಬರ ಮುಖ ಮಾತ್ರ ಚೂಪಾಗಿರುತ್ತದೆ, ಪಕ್ಕದವರು ಮಸುಕು. ಎಂಟು ಮಂದಿ ಸಮವಾಗಿ ಹಾಡುವಲ್ಲಿ ಯಾರು ಚೂಪು, ಯಾರು ಮಸುಕು ಎಂದು ನಾನು ತೀರ್ಮಾನಿಸಬೇಕು. ನಲವತ್ತೊಂದು ಫೋಟೋಗಳ ಹೊಗೆಯಲ್ಲಿ ಈ ಪಕ್ಷಪಾತ ಇರಲಿಲ್ಲ. ಈಗ ಒಬ್ಬೊಬ್ಬರ ಮುಂದೆಯೂ ಕೂತು ಬೇರೆ ಬೇರೆ ತೆಗೆಯುತ್ತೇನೆ. ಅದಕ್ಕೆ ಎರಡು ಶನಿವಾರ ಬೇಕಾದವು.

ಅಜ್ಜಿಯ ಫೋಟೋವನ್ನು ಎಂಟು ಇಂಚು ಅಗಲಕ್ಕೆ ಪ್ರಿಂಟ್ ಹಾಕಿಸಿ ಕೊಟ್ಟೆ. ಎರಡು ಕೈಗಳ ನಡುವೆ ತಾಳಗಳು ಇನ್ನೇನು ಕೂಡಬೇಕು, ಅಷ್ಟರಲ್ಲಿ ನಿಂತಿವೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಏನೇನೋ ನಿರೀಕ್ಷಿಸುತ್ತಿದ್ದೆ.

“ಈ ಹಳೇ ಸೀರಿ ಉಟ್ಟಾಗ ಯಾಕ ತಗದಿ?” ಅಂದರು. “ಬರೂ ಶನಿವಾರ ಇಳಕಲ್ ಸೀರಿ ಉಡತೀನಿ, ಬಾ.”